ನೇರಳೆ ಪರದೆಯ ಹೇಳಿಕೆ

ವಿಂಡೋಸ್ ಕಂಪ್ಯೂಟರ್ ಕೈಕೊಟ್ಟಾಗ ಮೂಡುವ ನೀಲಿ ಪರದೆಯನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. ಎಟಿಎಂನಲ್ಲಿ, ನಿಲ್ದಾಣದ ಫಲಕಗಳಲ್ಲಿ ಕೂಡ ಅದು ಒಮ್ಮೊಮ್ಮೆ ದರ್ಶನ ಕೊಡುತ್ತದೆ. ನೇರಳೆ ಬಣ್ಣದ ಪರದೆ ನೋಡಿದವರು ಕಡಿಮೆ. ಅದಕ್ಕೆ ಸ್ವಲ್ಪ ಹಟ ಬೇಕು. ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ತಂದು, ಮನೆಯಲ್ಲೇ ಜೋಡಿಸಿ, ಆ ಕಂಪ್ಯೂಟರಿನ ಮೇಲೆ ದೊಡ್ಡ ಕಚೇರಿಗಳ ಸರ್ವರುಗಳಿಗೆಂದೇ ಬರೆದ ಹೈಪರ್‌ವೈಸರ್ ಎಂಬ ತಂತ್ರಾಂಶವನ್ನು ಕೂರಿಸಿಯೇ ತೀರುತ್ತೇನೆ ಎಂದು ಹೊರಟವರಿಗೆ ಮಾತ್ರ ಆ ಯೋಗ. ಇವತ್ತಿನ ಮಾತು ಅಂಥವರಿಗಾಗಿ. ಬಾನುಲಿಯಲ್ಲಿ ಪರದೆಯನ್ನು ತೋರಿಸಲು ಬರುವುದಿಲ್ಲ, ಬಾಯಿಮಾತಿನಲ್ಲೇ ಬಣ್ಣಿಸಬೇಕು. ಅದೂ ಒಂದು ರೀತಿಯಲ್ಲಿ ಒಳ್ಳೆಯದೇ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವ ಅಭ್ಯಾಸ ಇದ್ದಿದ್ದರೆ ಈ ಕ್ಷೇತ್ರದ ಅರ್ಧ ಕಷ್ಟ ಹುಟ್ಟುತ್ತಲೇ ಇರಲಿಲ್ಲ.

ಹೈಪರ್‌ವೈಸರ್ ಏನು ಮಾಡುತ್ತದೆ ಎನ್ನುವವರು ಹಳೆಯ ಬೆಂಗಳೂರು, ಮೈಸೂರುಗಳ ವಠಾರವನ್ನು ನೆನಪಿಸಿಕೊಳ್ಳಿ. ನಿವೇಶನ ಒಂದು, ಬಾವಿ ಒಂದು, ಬೀದಿ ಬಾಗಿಲು ಒಂದು, ಒಳಗೆ ಎಂಟು ಹತ್ತು ಸಂಸಾರ. ಯಾರಿಗೆ ಎಷ್ಟು ಜಾಗ, ಯಾರ ಸರದಿ ಯಾವಾಗ ಎಂದು ನಿರ್ಧರಿಸುವವರು ಮನೆ ಯಜಮಾನರು. ಹೈಪರ್‌ವೈಸರ್ ಆ ಯಜಮಾನ. ಒಂದೇ ಕಂಪ್ಯೂಟರಿನ ಪ್ರೊಸೆಸರ್, ಮೆಮೊರಿ, ಡಿಸ್ಕನ್ನು ಹಂಚಿ, ಅದರೊಳಗೆ ಹಲವು ಕಾಲ್ಪನಿಕ ಕಂಪ್ಯೂಟರುಗಳನ್ನು ನಡೆಸುತ್ತದೆ. ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್, ಮತ್ತೊಂದರಲ್ಲಿ ಡೇಟಾಬೇಸ್. ಪ್ರತಿಯೊಂದೂ ಇಡೀ ಯಂತ್ರ ತನ್ನದೇ ಎಂದು ನಂಬಿಕೊಂಡಿರುತ್ತದೆ.

ಇದು ಹೊಸ ವಿಚಾರವಲ್ಲ. ಐಬಿಎಂ ಕಂಪನಿಯವರು ಅಮೆರಿಕದ ಕೇಂಬ್ರಿಜ್‌ನಲ್ಲಿ 1960ರ ದಶಕದಲ್ಲೇ ಇದನ್ನು ಮಾಡಿ ತೋರಿಸಿದ್ದರು, 1972ರಲ್ಲಿ ವಿಎಂ 370 ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ತಂದರು. ಎಂಥ ಯಂತ್ರವನ್ನು ಹೀಗೆ ಹಂಚಲು ಸಾಧ್ಯ, ಎಂಥದ್ದನ್ನು ಸಾಧ್ಯವಿಲ್ಲ ಎಂಬುದಕ್ಕೆ 1974ರಲ್ಲಿ ಪೊಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬಿಬ್ಬರು ಲಕ್ಷಣ ಬರೆದರು. ಆ ಲಕ್ಷಣದ ಪ್ರಕಾರ ನಮ್ಮ ನಿಮ್ಮ ಮನೆಯ ಇಂಟೆಲ್ ಪ್ರೊಸೆಸರ್ ಅನುತ್ತೀರ್ಣವಾಗಿತ್ತು. 1998ರಲ್ಲಿ ಹುಟ್ಟಿದ ವಿಎಂವೇರ್ ಎಂಬ ಕಂಪನಿ ಒಂದು ಉಪಾಯ ಹೂಡಿ, ತೊಡಕು ಕೊಡುವ ಆಜ್ಞೆಗಳನ್ನು ಓಡುವಾಗಲೇ ಬದಲಿಸಿ, ಅನುತ್ತೀರ್ಣನನ್ನು ಪಾಸು ಮಾಡಿಸಿತು. 2005ರ ಕೊನೆಯಲ್ಲಿ ಇಂಟೆಲ್, ಮರುವರ್ಷ ಎಎಂಡಿ, ಪ್ರೊಸೆಸರಿನೊಳಗೇ ಇದಕ್ಕೆ ಬೇಕಾದ ಸೌಕರ್ಯ ಕೊಟ್ಟವು. ಅಲ್ಲಿಂದ ಮುಂದೆ ಮನೆಯ ಕಂಪ್ಯೂಟರ್ ಕೂಡ ತಾತ್ವಿಕವಾಗಿ ವಠಾರವಾಗಬಲ್ಲದು ಎಂದಾಯಿತು. ತಾತ್ವಿಕವಾಗಿ ಎಂಬ ಮಾತನ್ನು ಸ್ವಲ್ಪ ಒತ್ತಿ ಹೇಳುತ್ತಿದ್ದೇನೆ.

ವಿಎಂವೇರ್‌ನ ಇಎಸ್‌ಎಕ್ಸ್ಐ ಎಂಬ ಹೈಪರ್‌ವೈಸರ್ 2008ರಲ್ಲಿ ಉಚಿತವಾಯಿತು. ಬೆಂಗಳೂರಿನಂಥ ಊರಿನಲ್ಲಿ ಇದರ ಪರಿಣಾಮ ಊಹಿಸಿಕೊಳ್ಳಿ. ಒಂದು ಕಡೆ ಸರ್ವರ್ ನಿರ್ವಹಣೆಯ ಕೆಲಸಕ್ಕೆ ಪರೀಕ್ಷೆ ಕಟ್ಟುವ ಹುಡುಗ ಹುಡುಗಿಯರು, ಇನ್ನೊಂದು ಕಡೆ ಎಸ್.ಪಿ. ರಸ್ತೆ. ಆ ರಸ್ತೆಯನ್ನು ಬಲ್ಲವರಿಗೆ ವಿವರಣೆ ಬೇಡ. ಮದರ್‌ಬೋರ್ಡ್ ಒಂದು ಅಂಗಡಿಯಲ್ಲಿ, ರ‍್ಯಾಮ್ ಪಕ್ಕದ ಸಂದಿಯಲ್ಲಿ, ಕ್ಯಾಬಿನೆಟ್ ಮೆಟ್ಟಿಲು ಹತ್ತಿದ ಮೇಲೆ. ಅಸಲಿ ಸರ್ವರ್ ಕೊಳ್ಳಲು ಲಕ್ಷಗಟ್ಟಲೆ ಬೇಕು; ಹಳೆಯದನ್ನು ಕೊಂಡರೆ ಅದರ ಫ್ಯಾನುಗಳ ಸದ್ದಿಗೆ ಮನೆಯವರು ಒಪ್ಪುವುದಿಲ್ಲ. ಹೀಗಾಗಿ ಅಸೆಂಬಲ್ ಮಾಡಿದ ಯಂತ್ರಕ್ಕೇ ಪೆನ್‌ಡ್ರೈವ್ ಚುಚ್ಚಿ ಇನ್‌ಸ್ಟಾಲ್ ಶುರು ಮಾಡುತ್ತಾರೆ. ಹಳದಿ, ಬೂದು ಬಣ್ಣದ ಪರದೆ ಬರುತ್ತದೆ, ಕಡತಗಳ ಹೆಸರು ಸಾಲಾಗಿ ಏರುತ್ತವೆ, ಆಮೇಲೆ ಎಲ್ಲೋ ಒಂದು ಕಡೆ ನಿಂತುಬಿಡುತ್ತದೆ.

ಯಾಕೆ ನಿಲ್ಲುತ್ತದೆ? ಹೈಪರ್‌ವೈಸರ್ ಮಾಡುವ ಕಂಪನಿ ಒಂದು ಪಟ್ಟಿ ಇಟ್ಟಿರುತ್ತದೆ: ಇಂಥಿಂಥ ಸರ್ವರ್, ಇಂಥ ಡಿಸ್ಕ್ ಕಂಟ್ರೋಲರ್, ಇಂಥ ನೆಟ್‌ವರ್ಕ್ ಕಾರ್ಡುಗಳ ಮೇಲೆ ಪರೀಕ್ಷಿಸಿದ್ದೇವೆ, ತೊಂದರೆಯಾದರೆ ಫೋನ್ ಮಾಡಿ ಎಂದು. ಪಟ್ಟಿಯಲ್ಲಿ ಇಲ್ಲದ್ದು ಓಡುವುದಿಲ್ಲ ಎಂದೇನೂ ಅಲ್ಲ, ಓಡುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ ಅಷ್ಟೆ. ಮನೆ ಯಂತ್ರದ ತಾಪತ್ರಯವೆಲ್ಲ ಈ ಸಂದಿನಲ್ಲಿದೆ. ಇಎಸ್‌ಎಕ್ಸ್ಐ ಲಿನಕ್ಸ್ ಅಲ್ಲ, ಅದಕ್ಕೆ ತನ್ನದೇ ಕರ್ನಲ್ ಇದೆ, ತನ್ನದೇ ಡ್ರೈವರುಗಳು ಬೇಕು. ಇನ್‌ಸ್ಟಾಲ್ ಮಾಡುವ ಇಡೀ ಕಡತವೇ ಕೆಲವು ನೂರು ಎಂಬಿ. ಜಗತ್ತಿನ ಎಲ್ಲ ಅಗ್ಗದ ಚಿಪ್ಪುಗಳಿಗೂ ಅದರಲ್ಲಿ ಜಾಗ ಇರಲಾರದು. ಇದಕ್ಕೆ ಕಂಪನಿಯನ್ನು ಬೈಯುವವರ ಜೊತೆ ನಾನು ಸೇರುವುದಿಲ್ಲ. ಆಸ್ಪತ್ರೆಯ, ಬ್ಯಾಂಕಿನ ಯಂತ್ರದಲ್ಲಿ ಓಡಬೇಕಾದ ತಂತ್ರಾಂಶ ಕಡಿಮೆ ಡ್ರೈವರುಗಳನ್ನು ಹೊತ್ತಷ್ಟೂ ನೆಮ್ಮದಿ.

ಈಗ ಕೆಲಸದ ಮಾತು. ಇನ್‌ಸ್ಟಾಲ್ ನಿಂತಾಗ ಕೇಳಬೇಕಾದ ಮೊದಲ ಪ್ರಶ್ನೆ ಎಲ್ಲಿ ನಿಂತಿತು ಎನ್ನುವುದು. ಯಾಕೆ ಎನ್ನುವುದು ಆಮೇಲೆ. ನಮ್ಮ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ನಿಂತಿತು ಎಂದ ಕೂಡಲೇ ರ‍್ಯಾಮ್ ಬದಲಿಸು, ಬಯೋಸ್ ಹೊಸದು ಹಾಕು, ಬೇರೆ ಡಿಸ್ಕ್ ಹಾಕು ಎಂದು ಎಲ್ಲವನ್ನೂ ಒಟ್ಟಿಗೆ ಹಿಡಿಯುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಕಸ್ಮಾತ್ ಸರಿಹೋದರೂ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗದೆ, ಮುಂದಿನ ಆವೃತ್ತಿ ಬಂದಾಗ ಮತ್ತೆ ಮೊದಲಿನಿಂದ ಶುರು.

ಕಡತಗಳು ಏರುತ್ತಿರುವಾಗಲೇ ದೋಷ ತೋರಿಸಿ ನಿಂತರೆ ಬಹುಮಟ್ಟಿಗೆ ಅದು ಪೆನ್‌ಡ್ರೈವಿನ ದೋಷ, ಇಲ್ಲವೇ ಇಳಿಸಿಕೊಂಡ ಕಡತ ಪೂರ್ತಿ ಇಳಿದಿಲ್ಲ. ಕಡತದ ಜೊತೆ ಕಂಪನಿ ಕೊಡುವ ಉದ್ದನೆಯ ತಾಳೆಸಂಖ್ಯೆಯನ್ನು ಹೋಲಿಸಿ ನೋಡುವುದು ಐದು ನಿಮಿಷದ ಕೆಲಸ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಆಮೇಲಿನ ಹಂತ ಹೆಚ್ಚು ಜನರನ್ನು ಕಾಡಿದ್ದು. ಕಡತಗಳೆಲ್ಲ ಏರಿದ ಮೇಲೆ, ಮಾಡ್ಯೂಲುಗಳನ್ನು ಸ್ಥಳಾಂತರಿಸಿ ಕರ್ನಲ್ ಆರಂಭಿಸುತ್ತಿದ್ದೇನೆ ಎಂಬ ಅರ್ಥದ ಇಂಗ್ಲಿಷ್ ಸಾಲು ಬರುತ್ತದೆ. ಅಷ್ಟೇ. ಕಾಫಿ ಕುಡಿದು ಬಂದರೂ ಅದೇ ಸಾಲು. ಇದು ಬೂಟ್‌ಲೋಡರಿನ ಕೊನೆಯ ಮಾತು. ಇಲ್ಲಿಂದ ಮುಂದೆ ಕರ್ನಲ್ ಮಾತಾಡಬೇಕು, ಆದರೆ ಅದಕ್ಕೆ ಬಾಯಿ ಬಂದಿಲ್ಲ. ಕೆಲವು ಮದರ್‌ಬೋರ್ಡುಗಳ ಬಯೋಸ್ ಈ ಯಂತ್ರಕ್ಕೆ ಪರದೆಯೇ ಇಲ್ಲ ಎಂದು ವರದಿ ಕೊಡುತ್ತದೆ. ಸರ್ವರುಗಳಿಗೆ ಪರದೆ ಇಲ್ಲದಿರುವುದು ಸಹಜ, ಹಾಗಾಗಿ ಕರ್ನಲ್ ಅದನ್ನು ನಂಬಿ ಸುಮ್ಮನಾಗುತ್ತದೆ. ಯಂತ್ರ ಒಳಗೊಳಗೇ ನಡೆಯುತ್ತಿದ್ದರೂ ನಮಗೆ ಕಾಣುವುದು ಹಳೆಯ ಸಾಲು. ಆಗ ಬೂಟ್ ಆಗುವಾಗ ಶಿಫ್ಟ್ ಮತ್ತು ಓ ಅಕ್ಷರ ಒತ್ತಿ, ಕೆಳಗೆ ಬರುವ ಸಾಲಿನ ಕೊನೆಯಲ್ಲಿ ಇಗ್ನೋರ್ ಹೆಡ್‌ಲೆಸ್ ಈಕ್ವಲ್ಸ್ ಟ್ರೂ ಎಂದು ಸೇರಿಸಬೇಕು. ಮೊದಲ ಎರಡು ಪದಗಳ ನಡುವೆ ಜಾಗ ಬಿಡದೆ, ಹೆಡ್‌ಲೆಸ್‌ನ ಎಚ್ ದೊಡ್ಡಕ್ಷರದಲ್ಲಿ. ಬಯೋಸ್ ಹೇಳಿದ್ದನ್ನು ನಂಬಬೇಡ, ಪರದೆ ಇದೆ ಎಂದು ಅದರ ಅರ್ಥ.

ಶಿಫ್ಟ್ ಓ ಎಂಬ ಈ ಕಿಟಕಿ ಮನೆ ಯಂತ್ರದವರ ಪಾಲಿನ ದೊಡ್ಡ ಸಾಧನ, ದೊಡ್ಡ ಅಪಾಯವೂ ಹೌದು. ಯಾರೋ ಎಲ್ಲೋ ಬರೆದರೆಂದು ಏಳೆಂಟು ಆಜ್ಞೆಗಳನ್ನು ಒಂದರ ಹಿಂದೆ ಒಂದು ಪೋಣಿಸಿ ಹೊಡೆಯುವವರಿದ್ದಾರೆ. ಅವುಗಳಲ್ಲಿ ಹಲವು ಒಂದೊಂದು ತಪಾಸಣೆಯನ್ನು ನಿಲ್ಲಿಸುತ್ತವೆ. ಎಲ್ಲ ತಪಾಸಣೆ ನಿಂತ ಮೇಲೆ ಇನ್‌ಸ್ಟಾಲ್ ಆಗುತ್ತದೆ ನಿಜ. ಆಮೇಲೆ ಎಂದೋ ಒಂದು ದಿನ ಡೇಟಾ ಹಾಳಾದಾಗ ಯಾವ ತಪಾಸಣೆ ಅದನ್ನು ಹಿಡಿಯಬೇಕಿತ್ತು ಎಂದು ಹೇಳಲು ಯಾರೂ ಇರುವುದಿಲ್ಲ.

ಇನ್ನು ನೇರಳೆ ಪರದೆ. ಇದನ್ನು ನೋಡಿ ಹೆದರುವವರೇ ಹೆಚ್ಚು. ನನಗೆ ಕೇಳಿದರೆ, ಮೂಕವಾಗಿ ನಿಂತ ಯಂತ್ರಕ್ಕಿಂತ ನೇರಳೆಯಾದ ಯಂತ್ರ ಎಷ್ಟೋ ವಾಸಿ. ಕರ್ನಲ್‌ಗೆ ತನ್ನ ಲೆಕ್ಕ ತಪ್ಪಿದೆ ಎಂದು ಗೊತ್ತಾಗಿದೆ. ಹೀಗೇ ಮುಂದುವರಿದರೆ ಒಳಗಿನ ಎಲ್ಲ ಕಾಲ್ಪನಿಕ ಯಂತ್ರಗಳ ಡಿಸ್ಕಿಗೂ ತಪ್ಪು ಬರೆಯಬಹುದು. ಅದಕ್ಕೇ ಬೇಕೆಂದೇ ನಿಂತಿದೆ, ನಿಲ್ಲುವ ಮುನ್ನ ಹೇಳಿಕೆಯನ್ನೂ ಬರೆದಿಟ್ಟಿದೆ. ಮೊದಲ ಸಾಲಿನಲ್ಲಿ ಆವೃತ್ತಿ ಮತ್ತು ಬಿಲ್ಡ್ ಸಂಖ್ಯೆ. ಅದರ ಕೆಳಗೆ ಕಾರಣ. ಆಮೇಲೆ ಪ್ರೊಸೆಸರಿನ ರಿಜಿಸ್ಟರುಗಳ ಅಂಕಿ ರಾಶಿ, ಅದು ನಮಗಲ್ಲ, ಎಂಜಿನಿಯರುಗಳಿಗೆ. ಅದರ ಕೆಳಗೆ, ಬೀಳುವ ಹೊತ್ತಿಗೆ ಯಾವ ಕೆಲಸದಿಂದ ಯಾವ ಕೆಲಸಕ್ಕೆ ಹೋಗಿದ್ದೆ ಎಂಬ ಜಾಡು. ಆ ಜಾಡಿನಲ್ಲಿ ಡ್ರೈವರೊಂದರ ಹೆಸರು ಕಂಡರೆ ಅರ್ಧ ಕೆಲಸ ಮುಗಿಯಿತು.

ಕಾರಣದ ಸಾಲಿನಲ್ಲಿ ಎಕ್ಸೆಪ್ಷನ್ ಎಂಬ ಪದವೂ ಒಂದು ಸಂಖ್ಯೆಯೂ ಇರುತ್ತವೆ. 14 ಇದ್ದರೆ, ಇಲ್ಲದ ಮೆಮೊರಿ ವಿಳಾಸಕ್ಕೆ ಯಾರೋ ಕೈ ಚಾಚಿದರು ಎಂದರ್ಥ. ಅದು ಹೆಚ್ಚಾಗಿ ಡ್ರೈವರಿನ ತಪ್ಪು, ಒಮ್ಮೊಮ್ಮೆ ಕೆಟ್ಟ ರ‍್ಯಾಮಿನದು. 13 ಇದ್ದರೆ ಪ್ರೊಸೆಸರ್ ಒಪ್ಪದ ಕೆಲಸವನ್ನು ಅದಕ್ಕೆ ಹೇಳಲಾಗಿದೆ. ಪಟ್ಟಿಯಲ್ಲಿಲ್ಲದ ಪ್ರೊಸೆಸರುಗಳಲ್ಲಿ, ಅದರ ಒಳಗಿನ ಯಾವುದೋ ವಿಶೇಷ ರಿಜಿಸ್ಟರನ್ನು ಓದಲು ಹೋದಾಗ ಇದು ಬರುವುದುಂಟು. 18, ಅಥವಾ ಮೆಷಿನ್ ಚೆಕ್ ಎಂಬ ಪದ ಕಂಡರೆ ತಂತ್ರಾಂಶವನ್ನು ಬಿಟ್ಟು ಯಂತ್ರಾಂಶವನ್ನು ನೋಡಿ. ಅಲ್ಲಿ ದೂರು ಕೊಡುತ್ತಿರುವುದು ಸ್ವತಃ ಪ್ರೊಸೆಸರ್.

ಸಂಖ್ಯೆಗಿಂತಲೂ ಹೆಚ್ಚು ಹೇಳುವ ಇನ್ನೊಂದು ಪರೀಕ್ಷೆ ಇದೆ. ಏನನ್ನೂ ಬದಲಿಸದೆ ಮತ್ತೊಮ್ಮೆ ಇನ್‌ಸ್ಟಾಲ್ ಶುರು ಮಾಡಿ, ಮತ್ತೆ ಬೀಳಲು ಬಿಡಿ. ಎರಡೂ ಸಲ ಅದೇ ಸಾಲು, ಅದೇ ಜಾಡು ಬಂದರೆ ದೋಷ ಸ್ಥಿರವಾದದ್ದು: ಡ್ರೈವರ್, ಬಯೋಸಿನ ಆಯ್ಕೆ, ಪ್ರೊಸೆಸರಿನ ಜಾತಿ. ಒಂದು ಸಲ ಡಿಸ್ಕ್ ಹುಡುಕುವಾಗ, ಇನ್ನೊಂದು ಸಲ ಕಡತ ಬಿಚ್ಚುವಾಗ, ಮತ್ತೊಂದು ಸಲ ಬಿದ್ದೇ ಬೀಳದೆ ಹೋದರೆ ಅನುಮಾನ ರ‍್ಯಾಮಿನ ಮೇಲೆ, ಪವರ್ ಸಪ್ಲೈ ಮೇಲೆ, ಬಿಸಿಯ ಮೇಲೆ. ಮೊದಲನೆಯ ಬಗೆಗೆ ರ‍್ಯಾಮ್ ಬದಲಿಸುವುದೂ ಎರಡನೆಯ ಬಗೆಗೆ ಡ್ರೈವರ್ ಹುಡುಕುವುದೂ ಸಮಯ ಹಾಳು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಇಎಸ್‌ಎಕ್ಸ್ಐ ಒಮ್ಮೆ ಕೂತ ಮೇಲೆ ಬಿದ್ದರೆ ಅದರ ಮೆಮೊರಿಯ ನಕಲು ಡಿಸ್ಕಿಗೆ ಹೋಗುತ್ತದೆ, ಆಮೇಲೆ ಬಿಡಿಸಿ ನೋಡಬಹುದು. ಇನ್‌ಸ್ಟಾಲ್ ಆಗುವ ಮೊದಲೇ ಬಿದ್ದರೆ ಬರೆಯಲು ಜಾಗವೇ ಇನ್ನೂ ಸಿದ್ಧವಾಗಿಲ್ಲ. ಪರದೆಯ ಕೆಳಭಾಗದಲ್ಲಿ ಅದೂ ಹೇಳಿರುತ್ತದೆ. ಆದ್ದರಿಂದ ಇರುವ ಒಂದೇ ದಾಖಲೆ ಆ ಪರದೆ. ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಆಮೇಲೆ ರೀಸೆಟ್ ಒತ್ತಿ. ಬೀಳದೆ ಬರೀ ನಿಧಾನಿಸುತ್ತಿದ್ದರೆ ಆಲ್ಟ್ ಎಫ್ 12 ಒತ್ತಿ. ಕರ್ನಲ್ ತನ್ನಷ್ಟಕ್ಕೆ ತಾನು ಗೊಣಗಿಕೊಳ್ಳುತ್ತಿರುವುದೆಲ್ಲ ಅಲ್ಲಿ ಹರಿಯುತ್ತಿರುತ್ತದೆ. ಆಲ್ಟ್ ಎಫ್ 1 ಒತ್ತಿದರೆ ಆಜ್ಞೆ ಬರೆಯುವ ಜಾಗ. ಇನ್‌ಸ್ಟಾಲರಿನಲ್ಲಿ ಹೆಸರು ರೂಟ್, ಪಾಸ್‌ವರ್ಡ್ ಖಾಲಿ.

ಈಚಿನ ವರ್ಷಗಳಲ್ಲಿ ಬಹಳ ಮಂದಿಗೆ ನೇರಳೆ ಪರದೆ ತಂದ ಪ್ರಕರಣವೊಂದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಯಾರದೂ ತಪ್ಪಿಲ್ಲ. 2021ರ ನವೆಂಬರಿನಲ್ಲಿ ಇಂಟೆಲ್ ತನ್ನ ಹನ್ನೆರಡನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್ ತಂದಿತು. ಅಲ್ಲಿಯ ತನಕ ಇಂಟೆಲ್‌ನ ಡೆಸ್ಕ್‌ಟಾಪ್ ಪ್ರೊಸೆಸರಿನ ಕೋರುಗಳೆಲ್ಲ ಒಂದೇ ಬಗೆಯವು. ಇದರಲ್ಲಿ ಎರಡು ಬಗೆ: ಭಾರದ ಕೆಲಸಕ್ಕೆ ದೊಡ್ಡ ಕೋರುಗಳು, ಕರೆಂಟ್ ಉಳಿಸಲು ಚಿಕ್ಕ ಕೋರುಗಳು. ಐ9 12900ಕೆ ಎಂಬುದರಲ್ಲಿ ಎಂಟು ದೊಡ್ಡವು, ಎಂಟು ಚಿಕ್ಕವು. ದೊಡ್ಡ ಕೋರ್ ಏಕಕಾಲಕ್ಕೆ ಎರಡು ಎಳೆ ಕೆಲಸ ನಡೆಸುತ್ತದೆ, ಚಿಕ್ಕದು ಒಂದೇ. ವಿಂಡೋಸ್ 11ಕ್ಕೆ ಇದನ್ನು ಮೊದಲೇ ಹೇಳಿಕೊಟ್ಟಿದ್ದರು. ಇಎಸ್‌ಎಕ್ಸ್ಐ ಹುಟ್ಟಿದ್ದು ಸರ್ವರ್ ಲೋಕದಲ್ಲಿ, ಅಲ್ಲಿ ಇಂಥ ಬೆರಕೆ ಇರಲಿಲ್ಲ.

ಕಾಲ್ಪನಿಕ ಯಂತ್ರವೊಂದನ್ನು ಈ ಕ್ಷಣ ಒಂದು ಕೋರಿನ ಮೇಲೆ, ಮರುಕ್ಷಣ ಇನ್ನೊಂದರ ಮೇಲೆ ಓಡಿಸುವುದು ಹೈಪರ್‌ವೈಸರಿನ ನಿತ್ಯದ ಕೆಲಸ. ಮೊದಲ ಕೋರಿನಲ್ಲಿ ಇದ್ದ ಸೌಲಭ್ಯ ಎರಡನೆಯದರಲ್ಲಿ ಇಲ್ಲದಿದ್ದರೆ ಒಳಗಿನ ಯಂತ್ರ ನಡುದಾರಿಯಲ್ಲಿ ಮುಗ್ಗರಿಸುತ್ತದೆ. ಅದಕ್ಕಾಗಿ ಕರ್ನಲ್ ಏಳುವಾಗಲೇ ಎಲ್ಲ ಕೋರುಗಳನ್ನೂ ಸಾಲಾಗಿ ನಿಲ್ಲಿಸಿ ಹೋಲಿಸುತ್ತದೆ. ಹನ್ನೆರಡನೆಯ ಪೀಳಿಗೆಯಲ್ಲಿ ಹೋಲಿಕೆ ತಪ್ಪಿತು. ಪ್ರತಿ ಕೋರಿಗೆ ಎಷ್ಟು ಎಳೆ ಎಂಬಲ್ಲಿ ಹೊಂದಾಣಿಕೆ ಇಲ್ಲ, ಆರಂಭಿಸಲಾರೆ ಎಂದು ಬರೆದು ಪರದೆ ನೇರಳೆಯಾಯಿತು. ಅಂದರೆ ತಪಾಸಣೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು.

ಇದಕ್ಕೆ ದಾರಿ ಎರಡು. ಬಯೋಸಿಗೆ ಹೋಗಿ ಚಿಕ್ಕ ಕೋರುಗಳನ್ನು ಬಂದ್ ಮಾಡಿಬಿಡುವುದು ಒಂದು. ಕಾಸು ಕೊಟ್ಟು ಕೊಂಡದ್ದನ್ನು ಬಂದ್ ಮಾಡಲು ಮನಸ್ಸು ಬರುವುದಿಲ್ಲ, ಆದರೆ ಉಳಿದ ಕೋರುಗಳೆಲ್ಲ ಒಂದೇ ಬಗೆಯವಾಗುತ್ತವೆ, ಹೈಪರ್‌ವೈಸರ್ ಬಯಸುವ ಲೋಕ ಸಿಗುತ್ತದೆ. ನನ್ನ ಮತ ಇದಕ್ಕೇ. ಇನ್ನೊಂದು, ಶಿಫ್ಟ್ ಓ ಒತ್ತಿ ಸಿಪಿಯು ಯೂನಿಫಾರ್ಮಿಟಿ ಹಾರ್ಡ್ ಚೆಕ್ ಪ್ಯಾನಿಕ್ ಈಕ್ವಲ್ಸ್ ಫಾಲ್ಸ್ ಎಂದು ಬರೆಯುವುದು. ಹೆಸರೇ ಹೇಳುವಂತೆ ಆ ಹೋಲಿಕೆಯಲ್ಲಿ ತಪ್ಪು ಕಂಡರೂ ಗಾಬರಿಯಾಗಬೇಡ ಎಂಬ ಆಜ್ಞೆ. ಕಲಿಯಲು ಇಟ್ಟ ಯಂತ್ರಕ್ಕೆ ಸಾಕು. ಮನೆಯ ಫೋಟೋಗಳ ಏಕೈಕ ಪ್ರತಿ ಇರುವ ಯಂತ್ರಕ್ಕೆ ಬೇಡ.

ಈ ಎರಡನೆಯ ದಾರಿ ಹಿಡಿದವರಿಗೆ ಇನ್ನೊಂದು ಗುಂಡಿ ಕಾದಿರುತ್ತದೆ. ಇನ್‌ಸ್ಟಾಲ್ ಸಲೀಸಾಗಿ ಮುಗಿಯುತ್ತದೆ, ಪೆನ್‌ಡ್ರೈವ್ ತೆಗೆಯಿರಿ ಎನ್ನುತ್ತದೆ, ಯಂತ್ರ ಮತ್ತೆ ಶುರುವಾಗುತ್ತದೆ, ಪರದೆ ಮತ್ತೆ ನೇರಳೆ. ಡಿಸ್ಕ್ ಕೆಟ್ಟಿದೆ ಎಂದುಕೊಂಡು ಮತ್ತೆ ಇನ್‌ಸ್ಟಾಲ್ ಮಾಡುವವರಿದ್ದಾರೆ. ಕೆಟ್ಟದ್ದು ಏನೂ ಇಲ್ಲ. ಶಿಫ್ಟ್ ಓ ಕಿಟಕಿಯಲ್ಲಿ ಬರೆದ ಮಾತು ಆ ಒಂದು ಸಲಕ್ಕೆ ಮಾತ್ರ. ಮೊದಲ ಸಲ ಡಿಸ್ಕಿನಿಂದ ಏಳುವಾಗಲೂ ಅದನ್ನೇ ಮತ್ತೆ ಬರೆದು, ಎದ್ದ ಮೇಲೆ ಒಳಗಿನ ಕರ್ನಲ್ ಸೆಟ್ಟಿಂಗಿನಲ್ಲಿ ಶಾಶ್ವತವಾಗಿ ದಾಖಲಿಸಬೇಕು.

ಇನ್ನು ಪರದೆ ನೇರಳೆಯಾಗದೆ, ಸಭ್ಯವಾಗಿ ಒಂದು ಡಬ್ಬಿ ತೋರಿಸಿ, ನೆಟ್‌ವರ್ಕ್ ಕಾರ್ಡ್ ಸಿಗಲಿಲ್ಲ ಎಂದು ಹೇಳಿ ಅಲ್ಲಿಗೇ ಮುಗಿಸುವ ಬಗೆ. ಇದರ ಹಿಂದೆ ಒಂದು ಕತೆಯೇ ಇದೆ. ಅಗ್ಗದ ಮದರ್‌ಬೋರ್ಡುಗಳಲ್ಲಿ ನೆಟ್‌ವರ್ಕಿಗೆ ಸಾಮಾನ್ಯವಾಗಿ ಕೂರಿಸುವುದು ತೈವಾನಿನ ರಿಯಲ್‌ಟೆಕ್ ಕಂಪನಿಯ 8111 ಅಥವಾ 8168 ಚಿಪ್. ಇಎಸ್‌ಎಕ್ಸ್ಐ 5.1ರಲ್ಲಿ ಅದಕ್ಕೆ ಡ್ರೈವರ್ ಇತ್ತು. 2013ರಲ್ಲಿ 5.5 ಬಂದಾಗ ಅದನ್ನು ಇನ್‌ಸ್ಟಾಲರಿನಿಂದ ಕೈಬಿಟ್ಟರು. ಮೋಜೆಂದರೆ, ಹಳೆಯದರ ಮೇಲೆಯೇ ಹೊಸದಕ್ಕೆ ಏರಿಸಿಕೊಂಡವರ ಕಾರ್ಡ್ ಕೆಲಸ ಮಾಡುತ್ತಲೇ ಇತ್ತು, ಹಳೆಯ ಡ್ರೈವರ್ ಹಾಗೇ ಉಳಿದುಕೊಂಡಿತ್ತಲ್ಲ. ಹೊಸದಾಗಿ ಹಾಕುವವರು ಮಾತ್ರ ಹೊರಗೆ. ಅವರು ಹಳೆಯ ಪೊಟ್ಟಣದಿಂದ ಡ್ರೈವರ್ ಕಿತ್ತು ಹೊಸ ಪೊಟ್ಟಣಕ್ಕೆ ಸೇರಿಸುವ ವಿದ್ಯೆ ಕಲಿತರು. ಕೆಲವು ವರ್ಷ ಇದೇ ನಡೆಯಿತು.

2020ರ ಏಪ್ರಿಲಿನಲ್ಲಿ 7.0 ಬಂತು, ಆ ವಿದ್ಯೆ ಒಂದೇ ಏಟಿಗೆ ನಿಷ್ಪ್ರಯೋಜಕವಾಯಿತು. ಹಳೆಯ ಡ್ರೈವರುಗಳು ಮೂಲತಃ ಲಿನಕ್ಸಿನವು. ಅವನ್ನು ಓಡಿಸಲು ಇಎಸ್‌ಎಕ್ಸ್ಐ ಒಳಗೆ ವಿಎಂಕೆ ಲಿನಕ್ಸ್ ಎಂಬ ಒಂದು ಮಧ್ಯಸ್ಥ ಪದರ ಇತ್ತು. 7.0ರಲ್ಲಿ ಆ ಪದರವನ್ನೇ ತೆಗೆದುಹಾಕಿದರು, ಸ್ವಂತ ಡ್ರೈವರುಗಳು ಮಾತ್ರ ಉಳಿದವು. ಹಳೆಯ ಡ್ರೈವರನ್ನು ಎಷ್ಟು ಜಾಣತನದಿಂದ ಸೇರಿಸಿದರೂ ಅದು ನಿಲ್ಲಲು ನೆಲ ಇಲ್ಲ. ಇವತ್ತಿಗೂ ಹತ್ತು ವರ್ಷ ಹಿಂದಿನ ಸೂಚನೆಗಳನ್ನು ಹಿಡಿದು ಹೊಸ ಆವೃತ್ತಿಯ ಮೇಲೆ ಗುದ್ದಾಡುವವರಿದ್ದಾರೆ. ಅವರಿಗೆ ಹೇಳುವುದು ಒಂದೇ: ಸೂಚನೆ ಓದುವ ಮೊದಲು ಅದು ಯಾವ ಆವೃತ್ತಿಗೆ ಬರೆದದ್ದು ನೋಡಿ. ವಿಎಂವೇರ್‌ನ ಎಂಜಿನಿಯರುಗಳೇ ಬಿಡುವಿನಲ್ಲಿ ಬರೆದ ಕೆಲವು ಡ್ರೈವರುಗಳು, ಬೆಂಬಲದ ಭರವಸೆ ಇಲ್ಲದೆ, ಫ್ಲಿಂಗ್ ಎಂಬ ಹೆಸರಿನಲ್ಲಿ ಬಂದವು. ಅದರಲ್ಲಿ ಯುಎಸ್‌ಬಿ ನೆಟ್‌ವರ್ಕ್ ಅಡಾಪ್ಟರುಗಳದೂ ಒಂದು. ಹೀಗಾಗಿ ಬೋರ್ಡಿನ ಮೇಲಿನ ರಿಯಲ್‌ಟೆಕ್ ಕಾಣದ ಯಂತ್ರಕ್ಕೆ, ಹೊರಗಿನಿಂದ ಚುಚ್ಚಿದ ರಿಯಲ್‌ಟೆಕ್ ಚಿಪ್ಪಿನ ಯುಎಸ್‌ಬಿ ಅಡಾಪ್ಟರ್ ಕಾಣುವ ವಿಚಿತ್ರವೂ ನಡೆಯಿತು.

ಇಂಥ ಹೊರಗಿನ ಡ್ರೈವರ್ ಹಾಕಿದವರು ಬಯೋಸಿನಲ್ಲಿ ಸಹಿ ಪರೀಕ್ಷಿಸುವ ಸೆಕ್ಯೂರ್ ಬೂಟನ್ನು ಚಾಲೂ ಇಟ್ಟಿದ್ದರೆ ಮತ್ತೆ ನೇರಳೆ ಪರದೆ. ಸಹಿ ತಾಳೆಯಾಗಲಿಲ್ಲ ಎಂದು ಇಂಥ ಪೊಟ್ಟಣದ ಹೆಸರು ಹಿಡಿದೇ ಅದು ಹೇಳುತ್ತದೆ. ಆದರೂ ಬಣ್ಣ ನೋಡಿದೊಡನೆ ಓದುವುದನ್ನು ನಿಲ್ಲಿಸಿ ರ‍್ಯಾಮಿನ ಕಡೆ ಕೈ ಹಾಕುವುದು ರೂಢಿ.

ನೆಟ್‌ವರ್ಕಿನ ತೊಂದರೆಗೆ ನನ್ನ ಸಲಹೆ ತುಂಬ ಅರಸಿಕವಾದದ್ದು. ಡ್ರೈವರಿನ ಹಿಂದೆ ವಾರಗಟ್ಟಲೆ ಅಲೆಯಬೇಡಿ. ಇಂಟೆಲ್ ಐ210 ಅಥವಾ ಐ350 ಚಿಪ್ಪಿನ ಕಾರ್ಡೊಂದನ್ನು ಕೊಂಡು ಹಾಕಿ. ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ, ನಕಲಿ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ, ಐ350ಕ್ಕೆ ನಕಲಿಗಳಿವೆ.

ಡಿಸ್ಕಿನ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ಬೋರ್ಡಿನ ಮೇಲೆ ಹೆಚ್ಚುವರಿಯಾಗಿ ಕೂರಿಸಿದ ಮಾರ್ವೆಲ್, ಎಎಸ್‌ಮೀಡಿಯಾ ಚಿಪ್ಪುಗಳ ಸಾಟಾ ಕಿಂಡಿಗಳಿಗೆ ಡಿಸ್ಕ್ ಸಿಕ್ಕಿಸಿ ಕಾಣಿಸುತ್ತಿಲ್ಲ ಎನ್ನುವವರು ಮೊದಲು ಇಂಟೆಲ್ ಅಥವಾ ಎಎಂಡಿಯ ಮೂಲ ಕಿಂಡಿಗೆ ಬದಲಿಸಿ ನೋಡಲಿ. ಬಯೋಸಿನಲ್ಲಿ ರೇಡ್ ಎಂದಿದ್ದರೆ ಎಎಚ್‌ಸಿಐಗೆ ತರಲಿ. 7.0ರಿಂದೀಚೆಗೆ ಹೈಪರ್‌ವೈಸರ್ ತನಗೇ ನೂರು ಜಿಬಿಗೂ ಮೀರಿ ಜಾಗ ಇಟ್ಟುಕೊಳ್ಳುವುದರಿಂದ, 120 ಜಿಬಿ ಡಿಸ್ಕಿನವರಿಗೆ ಇನ್‌ಸ್ಟಾಲ್ ಆಗಿಯೂ ಕಾಲ್ಪನಿಕ ಯಂತ್ರ ಇಡಲು ಜಾಗವೇ ಉಳಿಯುವುದಿಲ್ಲ. ಅದಕ್ಕೂ ಶಿಫ್ಟ್ ಓ ಕಿಟಕಿಯಲ್ಲಿ ಸಿಸ್ಟಂ ಮೀಡಿಯಾ ಸೈಜ್ ಈಕ್ವಲ್ಸ್ ಮಿನ್ ಎಂಬ ಮಾತಿದೆ. ಹಾಗೆಂದರೆ 32 ಜಿಬಿಗೆ ತೃಪ್ತಿಪಡುತ್ತದೆ. ಇದು ಕಂಪನಿಯೇ ಒಪ್ಪಿದ ಆಯ್ಕೆ, ಹೆದರದೆ ಬಳಸಬಹುದು.

ಮೆಮೊರಿಯ ಒಂದು ಪ್ರಸಂಗ ಮಾತ್ರ ಹೇಳಲೇಬೇಕು. 5.5ಕ್ಕೆ ಕನಿಷ್ಠ 4 ಜಿಬಿ ಬೇಕಿತ್ತು. ಸರಿಯಾಗಿ 4 ಜಿಬಿ ರ‍್ಯಾಮ್ ಹಾಕಿದವರಿಗೂ ಮೆಮೊರಿ ಸಾಲದು ಎಂಬ ದೋಷ ಬರುತ್ತಿತ್ತು. ಬೋರ್ಡಿನ ಒಳಗಿನ ಗ್ರಾಫಿಕ್ಸ್ ತನ್ನ ಪಾಲನ್ನು ಅದೇ 4 ಜಿಬಿಯಿಂದ ಮೊದಲೇ ಎತ್ತಿಟ್ಟುಕೊಂಡಿರುತ್ತಿತ್ತು, ಹೈಪರ್‌ವೈಸರಿಗೆ ಸಿಗುತ್ತಿದ್ದುದು ಉಳಿದದ್ದು. 8.0ಕ್ಕೆ ಕನಿಷ್ಠ 8 ಜಿಬಿ. ಲೆಕ್ಕ ಬದಲಾಗಿದೆ, ಗ್ರಾಫಿಕ್ಸಿನ ಚಾಳಿ ಬದಲಾಗಿಲ್ಲ.

ಹಿಂದೆ ಹೇಳಿದ, ಪ್ರತಿ ಸಲ ಬೇರೆ ಬೇರೆ ಕಡೆ ಬೀಳುವ ಯಂತ್ರಕ್ಕೆ ಮಾಡಬೇಕಾದದ್ದು ಬೇರೆ. ರ‍್ಯಾಮಿನ ವೇಗ ಹೆಚ್ಚಿಸುವ ಎಕ್ಸ್ಎಂಪಿ ಆಯ್ಕೆಯನ್ನು ಬಯೋಸಿನಲ್ಲಿ ಬಂದ್ ಮಾಡಿ. ಆಟವಾಡುವವರಿಗೆ ಅದು ಚೆನ್ನ, ಇಲ್ಲಿ ಬೇಡ. ಮೆಮ್‌ಟೆಸ್ಟ್ 86 ಪ್ಲಸ್ ಎಂಬ ಉಚಿತ ಪರೀಕ್ಷೆಯನ್ನು ರಾತ್ರಿಯಿಡೀ ಓಡಲು ಬಿಡಿ, ಒಂದೇ ಒಂದು ದೋಷ ತೋರಿಸಿದರೂ ಆ ರ‍್ಯಾಮ್ ತೆಗೆದಿಡಿ. ವಿಂಡೋಸಿನಲ್ಲಿ ಚೆನ್ನಾಗಿ ಓಡುತ್ತಿತ್ತಲ್ಲ ಎಂದು ವಾದಿಸಬೇಡಿ. ಬ್ರೌಸರ್ ನೋಡಿಕೊಂಡಿದ್ದ ಯಂತ್ರ ಮುಟ್ಟದ ಮೆಮೊರಿಯ ಮೂಲೆಗಳನ್ನೂ ಹೈಪರ್‌ವೈಸರ್ ಬಾಡಿಗೆಗೆ ಕೊಡುತ್ತದೆ. ಸರ್ವರುಗಳ ರ‍್ಯಾಮಿನಲ್ಲಿ ಸಣ್ಣ ತಪ್ಪನ್ನು ತಾನೇ ತಿದ್ದಿಕೊಳ್ಳುವ ವ್ಯವಸ್ಥೆ ಇರುತ್ತದೆ, ಮನೆಯದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆಮೇಲೆ ಯಂತ್ರವನ್ನು ಬೋಳಿಸಿ: ಒಂದೇ ರ‍್ಯಾಮ್ ಕಡ್ಡಿ, ಒಂದೇ ಡಿಸ್ಕ್, ಒಂದೇ ನೆಟ್‌ವರ್ಕ್ ಕಾರ್ಡ್. ಸೌಂಡ್, ವೈಫೈ ಎಲ್ಲ ಬಯೋಸಿನಲ್ಲಿ ಬಂದ್. ಆ ಸ್ಥಿತಿಯಲ್ಲಿ ಕೂತರೆ ಒಂದೊಂದನ್ನೇ ವಾಪಸು ಸೇರಿಸುತ್ತ ಬನ್ನಿ. ಪ್ರತಿ ಸಲ ಒಂದೇ ಬದಲಾವಣೆ, ಪ್ರತಿ ಸಲವೂ ಕಾಗದದ ಮೇಲೆ ಬರೆದಿಡಬೇಕು. ಬೇಸರದ ಕೆಲಸ, ಒಪ್ಪುತ್ತೇನೆ.

ಇಷ್ಟೆಲ್ಲ ಒದ್ದಾಟ ಏಕೆ, ಬೇರೆ ಹೈಪರ್‌ವೈಸರ್ ಇಲ್ಲವೇ ಎಂದು ಕೇಳುವವರಿಗೆ ಉತ್ತರ ಇದೆ. ಲಿನಕ್ಸ್ ಕರ್ನಲಿನೊಳಗೇ 2007ರಲ್ಲಿ ಕೆವಿಎಂ ಎಂಬ ಹೈಪರ್‌ವೈಸರ್ ಸೇರಿತು. ಅದರ ಮೇಲೆ ಕಟ್ಟಿದ ಪ್ರಾಕ್ಸ್‌ಮಾಕ್ಸ್, ವಿಯೆನ್ನಾದ ಕಂಪನಿಯೊಂದರದು, 2008ರಿಂದ ಇದೆ. ಲಿನಕ್ಸಿಗೆ ಗೊತ್ತಿರುವ ಯಂತ್ರಾಂಶವೆಲ್ಲ ಅದಕ್ಕೂ ಗೊತ್ತು, ರಿಯಲ್‌ಟೆಕ್ ಸಹಿತ. 2023ರ ನವೆಂಬರಿನಲ್ಲಿ ವಿಎಂವೇರನ್ನು ಬ್ರಾಡ್‌ಕಾಮ್ ಕೊಂಡಿತು, 2024ರ ಫೆಬ್ರವರಿಯಲ್ಲಿ ಉಚಿತ ಇಎಸ್‌ಎಕ್ಸ್ಐ ನಿಂತಿತು, 2025ರ ಏಪ್ರಿಲಿನಲ್ಲಿ ಮತ್ತೆ ಬಂತು. ಈ ಹೋಗಿ ಬರುವ ಆಟದಲ್ಲಿ ಬಹಳ ಜನ ಪ್ರಾಕ್ಸ್‌ಮಾಕ್ಸ್ ಕಡೆ ಹೊರಳಿದರು. ಅದೇನೂ ತೊಂದರೆಯಿಲ್ಲದ ಸ್ವರ್ಗವಲ್ಲ. ಹೊಸ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರ ಇನ್‌ಸ್ಟಾಲರ್ ಕಪ್ಪು ಪರದೆಯಲ್ಲಿ ನಿಲ್ಲುವುದುಂಟು, ಆಗ ನೋ ಮೋಡ್‌ಸೆಟ್ ಎಂಬ ಪದ ಸೇರಿಸಬೇಕಾಗುತ್ತದೆ. ಕೆಟ್ಟ ರ‍್ಯಾಮ್ ಯಾವ ಹೈಪರ್‌ವೈಸರಿಗೂ ಕೆಟ್ಟ ರ‍್ಯಾಮೇ. ಆದರೆ ಉದ್ದೇಶ ಮನೆಯಲ್ಲಿ ನಾಲ್ಕು ಕಾಲ್ಪನಿಕ ಯಂತ್ರ ಓಡಿಸುವುದಷ್ಟೇ ಆಗಿದ್ದರೆ ಅಲ್ಲಿಂದಲೇ ಶುರು ಮಾಡಿ. ಕೆಲಸ ಮಾಡುವ ಕಚೇರಿಯಲ್ಲಿ ಇಎಸ್‌ಎಕ್ಸ್ಐ ಇದೆ, ಅದನ್ನೇ ಕಲಿಯಬೇಕು ಎನ್ನುವವರಿಗೆ ಮಾತ್ರ ಈ ಒದ್ದಾಟದಿಂದ ಲಾಭ.

ಅಂಥವರು ಮುಂದಿನ ಸಲ ಎಸ್.ಪಿ. ರಸ್ತೆಗೆ ಹೋಗುವ ಮುನ್ನ ಒಂದು ಕೆಲಸ ಮಾಡಬಹುದು. ಕೊಳ್ಳಬೇಕೆಂದಿರುವ ಬೋರ್ಡಿನ ನೆಟ್‌ವರ್ಕ್ ಚಿಪ್ ಯಾವುದು, ಡಿಸ್ಕ್ ಕಂಟ್ರೋಲರ್ ಯಾವುದು ಎಂದು ತಯಾರಕರ ವಿವರಣೆಯಲ್ಲಿ ಓದಿ ಬರೆದುಕೊಳ್ಳಿ. ಪ್ರತಿ ಚಿಪ್ಪಿಗೂ ಎರಡು ಗುರುತಿನ ಸಂಖ್ಯೆಗಳಿರುತ್ತವೆ, ಒಂದು ಕಂಪನಿಯದು, ಒಂದು ಚಿಪ್ಪಿನದು. ಇಂಟೆಲ್ ಕಂಪನಿಯದು 8086, ತನ್ನ ಹಳೆಯ ಪ್ರಸಿದ್ಧ ಪ್ರೊಸೆಸರಿನ ಹೆಸರನ್ನೇ ಅದು ಇಟ್ಟುಕೊಂಡಿದೆ. ರಿಯಲ್‌ಟೆಕ್‌ನದು 10ಇಸಿ. ಡ್ರೈವರ್ ನೋಡುವುದು ಡಬ್ಬಿಯ ಮೇಲಿನ ಹೆಸರನ್ನಲ್ಲ, ಈ ಸಂಖ್ಯೆಗಳನ್ನು. ಯಂತ್ರ ಈಗಾಗಲೇ ಮನೆಯಲ್ಲಿದ್ದರೆ ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ, ಎಲ್‌ಎಸ್‌ಪಿಸಿಐ ಎಂಬ ಆಜ್ಞೆಗೆ ಎರಡು ಎನ್ ಸೇರಿಸಿ ಕೊಟ್ಟರೆ ಎಲ್ಲ ಚಿಪ್ಪುಗಳ ಸಂಖ್ಯೆಯೂ ಸಾಲಾಗಿ ಬರುತ್ತದೆ. ಅದನ್ನು ಹಿಡಿದು ಹೊಂದಾಣಿಕೆಯ ಪಟ್ಟಿಯಲ್ಲಿ, ನಿಮಗೆ ಬೇಕಾದ ಆವೃತ್ತಿಯ ಮುಂದೆ ಹುಡುಕಿ. ಇಲ್ಲವೆಂದು ಕಂಡುಬಂದರೆ ಬೇರೆ ಬೋರ್ಡ್ ನೋಡಿ, ಅಥವಾ ಅದೇ ಬೋರ್ಡಿನ ಜೊತೆ ಒಂದು ಹಳೆಯ ಇಂಟೆಲ್ ಕಾರ್ಡಿನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.